ಮ್ಯುಟಿನಿ ಎಂಬ ಮಾತು

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ 1858ರ ಘಟನೆಯನ್ನು ಜನರು ‘ನರಗುಂದದ ಬಂಡಾಯ’ ಎಂದೇ ಕರೆಯುತ್ತ ಬಂದಿದ್ದಾರೆ. ಅದನ್ನು ಇಂಗ್ಲಿಷಿನಲ್ಲಿ ಬರೆಯಬೇಕಾದಾಗ ಮಾತ್ರ ವಿದ್ಯಾರ್ಥಿಯ ಲೇಖನಿ ತಡವರಿಸುತ್ತದೆ. ‘ಮ್ಯುಟಿನಿ’ ಎನ್ನಬೇಕೆ, ‘ರಾಯಟ್’ ಎನ್ನಬೇಕೆ, ‘ರೆಬೆಲಿಯನ್’ ಎನ್ನಬೇಕೆ? ಕನ್ನಡದಲ್ಲಿ ‘ದಂಗೆ’ ಎಂಬ ಒಂದೇ ಮಾತು ಈ ಮೂರಕ್ಕೂ ಬಳಕೆಯಾಗುವುದರಿಂದ ಗೊಂದಲ ಸಹಜ. ಆದರೆ ಇಂಗ್ಲಿಷಿನಲ್ಲಿ ಇವುಗಳ ಅರ್ಥ ಬೇರೆ ಬೇರೆ.

ಸೈನಿಕರು ಅಥವಾ ನಾವಿಕರು ಒಟ್ಟುಗೂಡಿ ತಮ್ಮ ಮೇಲಧಿಕಾರಿಗಳ ಆಜ್ಞೆಯನ್ನು ಧಿಕ್ಕರಿಸುವುದೇ ಮ್ಯುಟಿನಿ. ಆಜ್ಞೆಗೆ ಬದ್ಧರಾದವರು ಆಜ್ಞೆಯನ್ನು ಮೀರುವುದು ಇದರ ತಿರುಳು. 1857ರ ಮೇ 10ರಂದು ಮೀರತ್ತಿನಲ್ಲಿ ಕಂಪನಿಯ ಸಿಪಾಯಿಗಳು ತಿರುಗಿಬಿದ್ದುದು ಮ್ಯುಟಿನಿ. 1946ರ ಫೆಬ್ರವರಿಯಲ್ಲಿ ಮುಂಬಯಿಯ ನಾವಿಕರು ಎದ್ದುದೂ ಮ್ಯುಟಿನಿಯೇ. ಗುಂಪು ಬೀದಿಗಿಳಿದು ನಡೆಸುವ ಗಲಭೆ ರಾಯಟ್. ಆಳುವವರ ಅಧಿಕಾರವನ್ನೇ ನಿರಾಕರಿಸಿ ಆಯುಧ ಹಿಡಿಯುವುದು ರೆಬೆಲಿಯನ್.

ಇನ್ನು ನರಗುಂದದ ಸಂಗತಿ. ಅಲ್ಲಿನ ಸಂಸ್ಥಾನಿಕ ಭಾಸ್ಕರರಾವ್ ಭಾವೆ ‘ಬಾಬಾಸಾಹೇಬ’ನೆಂದು ಪ್ರಸಿದ್ಧನಾಗಿದ್ದನು. ಅವನಿಗೆ ಗಂಡುಸಂತಾನ ಉಳಿದಿರಲಿಲ್ಲ. ದತ್ತಕ ತೆಗೆದುಕೊಳ್ಳಲು ಕಂಪನಿ ಸರಕಾರ ಒಪ್ಪಿಗೆ ಕೊಡಲಿಲ್ಲ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟನಾಗಿದ್ದ ಮ್ಯಾನ್ಸನ್ ಬಾಬಾಸಾಹೇಬನ ಪಡೆಯ ಕೈಯಿಂದ ಹತನಾದನು. ಜೂನ್ ಆರಂಭದಲ್ಲಿ ನರಗುಂದದ ಕೋಟೆ ಬ್ರಿಟಿಷರ ವಶವಾಯಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಲಾಯಿತು.

ಬಾಬಾಸಾಹೇಬ ಕಂಪನಿಯ ಸಂಬಳ ಉಣ್ಣುವ ಸಿಪಾಯಿಯಲ್ಲ, ಸಂಸ್ಥಾನದ ಒಡೆಯ. ಆದುದರಿಂದ ಅವನ ಹೋರಾಟಕ್ಕೆ ‘ಮ್ಯುಟಿನಿ’ ಎಂಬ ಮಾತು ಹೊಂದದು. ‘ರೆಬೆಲಿಯನ್’ ಎಂಬುದೇ ತಕ್ಕ ಮಾತು. ಇದು ಕೇವಲ ನಿಘಂಟಿನ ಪ್ರಶ್ನೆಯಲ್ಲ. 1857-58ರ ಎಲ್ಲ ಹೋರಾಟಗಳನ್ನೂ ‘ಮ್ಯುಟಿನಿ’ ಎಂದು ಕರೆದರೆ, ಅವೆಲ್ಲ ಆಳುಗಳ ಅವಿಧೇಯತೆಯಾಗಿ ತೋರುತ್ತವೆ. ದತ್ತಕದ ಹಕ್ಕು ಕಳೆದುಕೊಂಡ ಸಂಸ್ಥಾನಿಕನ ದೂರು, ಆಯುಧಗಳನ್ನು ಒಪ್ಪಿಸಲಾರದ ಹಲಗಲಿಯ ಬೇಡರ ದೂರು ಆ ಒಂದು ಮಾತಿನಡಿ ಮರೆಯಾಗುತ್ತವೆ. ಹಾಗೆಂದು ‘ರೆಬೆಲಿಯನ್’ ಎಂಬುದು ಹೊಗಳಿಕೆಯಲ್ಲ. ಮ್ಯಾನ್ಸನ್ನನ ಕೊಲೆಯನ್ನು ಅದು ಮುಚ್ಚಿಡುವುದೂ ಇಲ್ಲ. ನಡೆದುದನ್ನು ನಡೆದಂತೆ ಹೇಳುವುದಷ್ಟೇ ಸರಿಯಾದ ಮಾತಿನ ಕೆಲಸ.

ಅದೇ ನರಗುಂದದಲ್ಲಿ 1980ರ ಜುಲೈ 21ರಂದು ಮಲಪ್ರಭಾ ಯೋಜನೆಯ ಕರಭಾರವನ್ನು ವಿರೋಧಿಸಿ ರೈತರು ಎದ್ದರು, ಪ್ರಾಣಹಾನಿಯೂ ಆಯಿತು. ಅದನ್ನೂ ಜನರು ‘ರೈತ ಬಂಡಾಯ’ ಎನ್ನುತ್ತಾರೆ. ಆದರೆ ಆ ರೈತರು ಸರಕಾರದ ಅಧಿಕಾರವನ್ನೇ ಅಲ್ಲಗಳೆಯಲಿಲ್ಲ. ಕರದ ಹೊರೆ ಇಳಿಸಬೇಕೆಂದು ಕೇಳಿದರು. ಇಂಗ್ಲಿಷಿನಲ್ಲಿ ಅದಕ್ಕೆ ‘ಅಜಿಟೇಶನ್’ ಎಂಬ ಮಾತು ಒಪ್ಪುತ್ತದೆ. ಕನ್ನಡದ ಮಾತು ಒಂದೇ ಆದರೂ ಇಂಗ್ಲಿಷಿನ ಮಾತು ಬೇರೆಯಾಯಿತು.

ಆದುದರಿಂದ ಬರೆಯುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಎದ್ದವರು ಯಾರು? ಅವರು ನಿರಾಕರಿಸಿದ್ದು ಏನನ್ನು? ಉತ್ತರ ತಿಳಿದವನ ಲೇಖನಿ ತಡವರಿಸುವುದಿಲ್ಲ.