ಏಳನೆಯ ಅಂತಸ್ತಿನಲ್ಲಿ ಹುಟ್ಟಿದ ಕಾರು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದರು ನಮ್ಮ ಹಿರಿಯರು. ಮನುಷ್ಯನ ತಾಳ್ಮೆಯನ್ನು ಅಳೆಯುವುದಕ್ಕೆ ಈ ಎರಡು ಕೋಲುಗಳೇ ಸಾಕೆಂದು ಅವರು ಭಾವಿಸಿದ್ದರು. ಮಾಸ್ಕೋ ನಗರದ ಇಬ್ಬರು ಸಹೋದರರ ಕತೆಯನ್ನು ಅವರು ಕೇಳಿದ್ದರೆ “ಕಾರು ಕಟ್ಟಿ ನೋಡು” ಎಂಬ ಮೂರನೆಯ ಮಾತನ್ನೂ ಗಾದೆಗೆ ಸೇರಿಸುತ್ತಿದ್ದರೋ ಏನೋ!

ಆ ಸಹೋದರರ ಹೆಸರು ಅನತೋಲಿ ಶ್ಚೆರ್ಬಿನಿನ್ ಮತ್ತು ವ್ಲದೀಮಿರ್ ಶ್ಚೆರ್ಬಿನಿನ್. ಅವರು ಕಾರ್ಖಾನೆಯ ಒಡೆಯರಲ್ಲ. ಒಡೆಯರಾಗಿರುವುದು ಅವರ ದೇಶದಲ್ಲಿ ಸಾಧ್ಯವೂ ಇರಲಿಲ್ಲ. ಅವರಿಗೆ ಗ್ಯಾರೇಜಿನ ವೈಭವವಿರಲಿಲ್ಲ. ಇದ್ದದ್ದು ಬಹುಮಹಡಿಯ ಕಟ್ಟಡದಲ್ಲಿ ಒಂದು ವಸತಿ, ಕೆಳಗೆ ಎಲ್ಲರಿಗೂ ಸೇರಿದ ಒಂದು ಅಂಗಳ, ಮತ್ತು ಮನಸ್ಸಿನಲ್ಲಿ ಒಂದು ಸುಂದರ ಕಾರಿನ ಚಿತ್ರ. ಎರಡು ಬಾಗಿಲಿನ, ನೀಳ ಮೂತಿಯ, ನೆಲಕ್ಕೆ ಬಾಗಿ ಓಡುವ ಸ್ಪೋರ್ಟ್ಸ್ ಕಾರು! ಅಂತಹ ಕಾರನ್ನು ಅವರ ದೇಶದ ಯಾವ ಅಂಗಡಿಯೂ ಮಾರುತ್ತಿರಲಿಲ್ಲ. ಆದುದರಿಂದ ಅದನ್ನು ತಾವೇ ಕಟ್ಟುವುದೆಂದು ನಿಶ್ಚಯಿಸಿದರು. 1960ರ ದಶಕ ಮುಗಿಯುವ ವೇಳೆಗೆ ಆ ಕಾರು ಮಾಸ್ಕೋವಿನ ಬೀದಿಯಲ್ಲಿ ಓಡುತ್ತಿತ್ತು.

ಸರದಿಯ ಸಾಲು

ಅಂದಿನ ಸೋವಿಯತ್ ಒಕ್ಕೂಟದಲ್ಲಿ ಸಾಮಾನ್ಯ ಕಾರು ಕೊಳ್ಳುವುದೇ ಒಂದು ತಪಸ್ಸು. ಹಣವನ್ನು ಕೂಡಿಟ್ಟರೆ ಮಾತ್ರ ಸಾಲದು. ದುಡಿಯುವ ಸಂಸ್ಥೆಯ ಮೂಲಕ ಹೆಸರು ಬರೆಯಿಸಿ, ವರ್ಷಗಟ್ಟಲೆ ಸರದಿಗಾಗಿ ಕಾಯಬೇಕು. ಕೊನೆಗೆ ಕೈಗೆ ಬರುವುದೂ ಮಾಸ್ಕ್‌ವಿಚ್, ಜಪರೋಜೆತ್ಸ್ ಮುಂತಾದ ಕೆಲವೇ ಜಾತಿಯ ವಾಹನಗಳಲ್ಲೊಂದು. 1970ರಲ್ಲಿ ತೊಲ್ಯಾತ್ತಿ ಪಟ್ಟಣದ ಹೊಸ ಕಾರ್ಖಾನೆಯಿಂದ ಜಿಗುಲಿ ಕಾರುಗಳು ಹೊರಬರತೊಡಗಿದ ಮೇಲೂ ಸರದಿಯ ಸಾಲು ಕರಗಲಿಲ್ಲ.

ಈ ಮಾತು ನಮ್ಮವರಿಗೆ ತೀರ ಅಪರಿಚಿತವಲ್ಲ. ಜಿಗುಲಿಯ ಮೂಲ ಇಟಲಿಯ ಫಿಯಟ್ 124. ನಮ್ಮ ಪ್ರೀಮಿಯರ್ ಪದ್ಮಿನಿಯ ಮೂಲವೂ ಅದೇ ಫಿಯಟ್ ಮನೆತನದ 1100. ಒಂದೇ ತವರಿನ ಈ ಇಬ್ಬರು ಹೆಣ್ಣುಮಕ್ಕಳನ್ನು ಮನೆ ತುಂಬಿಸಿಕೊಳ್ಳಲು ಅಲ್ಲಿಯವರೂ ಕಾದರು, ಇಲ್ಲಿಯವರೂ ಕಾದರು. ನಾವು ಕಾದು ಸುಮ್ಮನಾದೆವು. ಅಲ್ಲಿಯ ಕೆಲವರು ಮಾತ್ರ, ಕಾಯುವ ವರ್ಷಗಳನ್ನು ಕಟ್ಟುವ ವರ್ಷಗಳನ್ನಾಗಿ ಮಾಡಿಕೊಂಡರು.

ಅವರಿಗೆ ಆಸರೆಯೂ ಇಲ್ಲದಿರಲಿಲ್ಲ. ‘ತೆಖ್ನಿಕಾ ಮೊಲೊದ್ಯೋಜಿ’ ಎಂಬ ಯುವಜನರ ತಾಂತ್ರಿಕ ಪತ್ರಿಕೆ ಮನೆಯಲ್ಲೇ ತಯಾರಾದ ಕಾರುಗಳ ದೂರಪ್ರಯಾಣಗಳನ್ನು ಏರ್ಪಡಿಸುತ್ತಿತ್ತು. ‘ಮೊದೆಲಿಸ್ತ್ ಕನ್‌ಸ್ತ್ರುಕ್ತೊರ್’ ಎಂಬ ಮತ್ತೊಂದು ಪತ್ರಿಕೆ ನಕ್ಷೆಗಳನ್ನು ಅಚ್ಚುಮಾಡುತ್ತಿತ್ತು. ಮುಂದೆ ‘ಇದು ನಿಮಗೆ ಸಾಧ್ಯ’ ಎಂಬ ಅರ್ಥದ ಹೆಸರಿನ ದೂರದರ್ಶನ ಕಾರ್ಯಕ್ರಮವೂ ಬಂದಿತು. ಉಪದೇಶ ಬೇಕಾದಷ್ಟಿತ್ತು; ಬೋಲ್ಟು, ನಟ್ಟು, ತಗಡು, ಗಾಜುಗಳೇ ಇರಲಿಲ್ಲ!

ಗಾಜಿನ ಬಟ್ಟೆ, ಅಂಟಿನ ರಸ

ಕಾರಿನ ಹೊರಮೈಯನ್ನು ಕಾರ್ಖಾನೆಯಲ್ಲಿ ಉಕ್ಕಿನ ತಗಡಿನಿಂದ ಮಾಡುತ್ತಾರೆ. ಒಂದೊಂದು ಭಾಗಕ್ಕೂ ಒಂದೊಂದು ಭಾರಿ ಅಚ್ಚು ಬೇಕು. ಅಚ್ಚಿನ ಮೇಲೆ ತಗಡನ್ನು ಅದುಮಲು ಮನೆಯಷ್ಟು ಎತ್ತರದ ಯಂತ್ರ ಬೇಕು. ಇದು ಗೃಹಸ್ಥನ ಅಳವಿಗೆ ಮೀರಿದ ಮಾತು. ಆದರೆ ದೋಣಿ, ವಿಮಾನಗಳ ನಿರ್ಮಾಣದಲ್ಲಿ ಬಳಕೆಗೆ ಬಂದ ಒಂದು ವಿಧಾನ ಈ ಗೃಹಸ್ಥರಿಗೆ ವರವಾಯಿತು. ಅದೇ ಫೈಬರ್‌ಗ್ಲಾಸ್.

ವಿಧಾನ ಕೇಳುವುದಕ್ಕೆ ಸರಳ. ಮೊದಲು ಕಾರಿನ ಆಕಾರವನ್ನು ಗಾರೆ, ಜೇಡಿ ಅಥವಾ ಮರದಲ್ಲಿ ಪೂರ್ಣಪ್ರಮಾಣದಲ್ಲಿ ಮಾಡಿಕೊಳ್ಳಬೇಕು. ಅಂಟದಿರಲೆಂದು ಅದಕ್ಕೆ ಮೇಣ ಸವರಿ, ಗಾಜಿನ ಎಳೆಗಳಿಂದ ನೆಯ್ದ ಬಟ್ಟೆಯನ್ನು ಹೊದಿಸಿ, ಎಪಾಕ್ಸಿ ಎಂಬ ಅಂಟಿನ ರಸವನ್ನು ಕುಂಚದಿಂದ ಕುಡಿಸಬೇಕು. ಒಂದು ಪದರದ ಮೇಲೆ ಇನ್ನೊಂದು ಪದರ. ರಸ ಗಟ್ಟಿಯಾದ ಮೇಲೆ ಬಿಡಿಸಿ ತೆಗೆದರೆ ಹಗುರವಾದ, ತುಕ್ಕು ಹಿಡಿಯದ ಚಿಪ್ಪು ಕೈಗೆ ಬರುತ್ತದೆ. ಅನಂತರ ಉಳಿಯುವುದು ಉಜ್ಜುವ ಕೆಲಸ. ದಿನಗಟ್ಟಲೆ, ತಿಂಗಳುಗಟ್ಟಲೆ ಉಜ್ಜಿದಲ್ಲದೆ ಕಾರ್ಖಾನೆಯ ಕಾರಿನ ನುಣುಪು ಬರುವುದಿಲ್ಲ.

ಇದರಲ್ಲಿ ಒಂದು ತೊಡಕುಂಟು. ಚಳಿಯಲ್ಲಿ ಈ ರಸ ಸರಿಯಾಗಿ ಗಟ್ಟಿಯಾಗದು. ಮಾಸ್ಕೋವಿನಲ್ಲಿಯೋ, ಚಳಿಗಾಲವೆಂದರೆ ತಿಂಗಳುಗಟ್ಟಲೆ ಸುರಿಯುವ ಹಿಮ. ಬೆಚ್ಚಗಿರುವ ಸ್ಥಳವೊಂದೇ: ಮನೆ.

ಅಂಗಳದಿಂದ ಅಂತಸ್ತಿಗೆ

ಶ್ಚೆರ್ಬಿನಿನ್ ಸಹೋದರರು ಎಂಜಿನಿಗಾಗಿ ಆರಿಸಿಕೊಂಡದ್ದು ವೋಲ್ಗಾ ಗಾಜ್ 21 ಎಂಬ ಗಟ್ಟಿಮುಟ್ಟಾದ ಕಾರನ್ನು. ನಾಲ್ಕು ಸಿಲಿಂಡರುಗಳ, ಸುಮಾರು ಎರಡೂವರೆ ಲೀಟರಿನ ಎಂಜಿನು ಅದು. ಆದರೆ ವೋಲ್ಗಾದಲ್ಲಿ ಹೊರಮೈಯೇ ಬೆನ್ನೆಲುಬೂ ಹೌದು. ಅದನ್ನು ಕಳಚಿದರೆ ಚಕ್ರ, ಎಂಜಿನುಗಳನ್ನು ಹಿಡಿದಿಡುವ ಆಧಾರವೇ ಇಲ್ಲವಾಗುತ್ತದೆ. ಆದುದರಿಂದ ಹೊಸ ಉಕ್ಕಿನ ಚೌಕಟ್ಟೊಂದನ್ನು ಬೆಸೆಯುವುದು ಅನಿವಾರ್ಯವಾಯಿತು. ಆ ಬೆಸುಗೆಯ ಕೆಲಸ ನಡೆದದ್ದು ಕಟ್ಟಡದ ಕೆಳಗಿನ ಅಂಗಳದಲ್ಲಿ.

ಫೈಬರ್‌ಗ್ಲಾಸಿನ ಹೊರಮೈ ಸಿದ್ಧವಾದದ್ದು ಎಲ್ಲಿ? ಏಳನೆಯ ಅಂತಸ್ತಿನ ವಸತಿಯೊಳಗೆ!

ವಾಚಕರು ಕ್ಷಣಕಾಲ ಊಹಿಸಿಕೊಳ್ಳಲಿ. ನಮ್ಮ ನಡುಮನೆಯಲ್ಲಿ ಊಟಕ್ಕೆ ಎಲೆ ಹಾಕುವ ಜಾಗದಲ್ಲಿ ಆಳೆತ್ತರಕ್ಕಿಂತ ಎರಡೂವರೆ ಪಟ್ಟು ಉದ್ದದ ಕಾರಿನ ಚಿಪ್ಪು ಮಲಗಿದೆ. ಅಂಟಿನ ಘಾಟು ಅಡಿಗೆಮನೆಗೂ ಹಬ್ಬಿದೆ. ಗಾಜಿನ ಪುಡಿ ಹಾಸಿಗೆಯ ಮೇಲೆ, ಬಟ್ಟೆಯ ಮೇಲೆ ಕುಳಿತು ಮೈ ತುರಿಸುತ್ತಿದೆ. ಕೆಳಗಿನ ಮನೆಯವರು ಸದ್ದಿಗಾಗಿ ಬಾಗಿಲು ತಟ್ಟಿದರೆ ಏನೆಂದು ಹೇಳುವುದು? “ಇನ್ನೇನಿಲ್ಲ, ಒಳಗೊಂದು ಕಾರು ಮಾಡುತ್ತಿದ್ದೇವೆ” ಎಂದರೆ ನಂಬುವವರಾರು?

ಸಿದ್ಧವಾದ ಹೊರಮೈ ಏಳನೆಯ ಅಂತಸ್ತಿನಿಂದ ಮತ್ತೆ ಅಂಗಳಕ್ಕೆ ಇಳಿಯಿತು. ಎಂಜಿನು ತನ್ನ ಸ್ಥಾನವನ್ನು ಸೇರಿತು. ಸಹೋದರರು ತಮ್ಮ ಕುಲನಾಮದ ಮೊದಲ ಅಕ್ಷರವನ್ನು ಸೇರಿಸಿ, ‘ಶ್ಚೆರ್ಬಿನಿನ್‌ರ ಗ್ರಾನ್ ತುರಿಸ್ಮೊ’ ಎಂಬುದರ ಸಂಕ್ಷೇಪವಾಗಿ ಅದಕ್ಕೆ ‘ಜಿ.ಟಿ.ಶ್ಚ’ ಎಂದು ಹೆಸರಿಟ್ಟರು. ಇಟಲಿಯ ಸಿರಿವಂತ ಕಾರುಗಳು ಧರಿಸುವ ಬಿರುದು ಮಾಸ್ಕೋವಿನ ಅಂಗಳದ ಕೂಸಿಗೂ ದಕ್ಕಿತು.

ಗಾಜಿದ್ದಷ್ಟು ಕಾರು

ಇಂತಹ ಕಾರನ್ನು ಕಟ್ಟುವವನಿಗೆ ಎಂಜಿನು, ಗೇರುಪೆಟ್ಟಿಗೆಗಳಿಗಿಂತ ಹೆಚ್ಚು ಕಾಡಿದ್ದು ಸಣ್ಣಪುಟ್ಟ ಭಾಗಗಳೇ. ಎಂಜಿನು ದೊಡ್ಡ ವಸ್ತು. ಆಯುಷ್ಯ ಮುಗಿದ ಕಾರಿನಿಂದಲೋ, ಕೆಲಸಕ್ಕೆ ಬಾರದೆಂದು ಪಟ್ಟಿಯಿಂದ ತೆಗೆದ ವಾಹನದಿಂದಲೋ ಹೇಗಾದರೂ ಸಿಕ್ಕೀತು. ಆದರೆ ಬಾಗಿಲ ಹಿಡಿಕೆ? ಕಿಟಕಿಯ ಅಂಚಿನ ರಬ್ಬರು? ಹಿಂದಿನ ದೀಪದ ಕೆಂಪು ಮುಸುಕು? ಇವುಗಳಲ್ಲಿ ಒಂದು ಇಲ್ಲದಿದ್ದರೂ ಕಾರು ಅರೆಗೆಲಸವಾಗಿಯೇ ಉಳಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ಸಮಸ್ಯೆ ಚಾಲಕನ ಮುಂದಿನ ಗಾಜು. ಫೈಬರ್‌ಗ್ಲಾಸಿನ ಹೊರಮೈಯನ್ನು ಮನೆಯಲ್ಲಿ ಎರೆಯಬಹುದು. ಸುರಕ್ಷಿತವಾದ ಬಾಗಿದ ಗಾಜನ್ನು ಮನೆಯಲ್ಲಿ ಮಾಡಲಾಗದು. ಯಾವುದಾದರೂ ಕಾರ್ಖಾನೆಯ ವಾಹನದ ಗಾಜನ್ನೇ ತಂದು ಕೂರಿಸಬೇಕು. ಗಾಜು ಸಿಕ್ಕ ಮೇಲೆ ಅದರ ಅಗಲವೇ ಕಾರಿನ ಅಗಲವನ್ನು ಹೇಳುತ್ತದೆ, ಅದರ ಬಾಗೇ ಮಾಡಿನ ಬಾಗನ್ನು ತೀರ್ಮಾನಿಸುತ್ತದೆ. “ಹಾಸಿಗೆಯಿದ್ದಷ್ಟು ಕಾಲು ಚಾಚು” ಎಂಬುದು ನಮ್ಮ ಗಾದೆ; “ಗಾಜಿದ್ದಷ್ಟು ಕಾರು ಕಟ್ಟು” ಎಂಬುದು ಅವರ ಅನುಭವ.

ಭಾಗಗಳು ಕೂಡಿದರೂ ಪರೀಕ್ಷೆ ಮುಗಿಯುವುದಿಲ್ಲ. ಸರಕಾರದ ಮೋಟಾರು ತನಿಖಾ ಇಲಾಖೆಯವರು ಬಂದು ಬ್ರೇಕು, ಸ್ಟೀರಿಂಗು, ದೀಪಗಳನ್ನು ಪರಿಶೀಲಿಸಿ ಒಪ್ಪಿದ ಹೊರತು ಸಂಖ್ಯಾಫಲಕ ದೊರೆಯದು. ಕಾರಿಗೆ ಬಳಸಿದ ಸಾಮಗ್ರಿಯನ್ನು ನ್ಯಾಯವಾಗಿ ಕೊಂಡದ್ದೆಂದು ರಸೀತಿಗಳಿಂದ ತೋರಿಸಬೇಕು. ಎಲ್ಲ ಕಾರ್ಖಾನೆಗಳೂ ಸರಕಾರದವೇ ಆಗಿರುವ ದೇಶದಲ್ಲಿ, ಲೆಕ್ಕಕ್ಕೆ ಸಿಗದ ಕಬ್ಬಿಣದ ತುಂಡೂ ಅನುಮಾನಕ್ಕೆ ಕಾರಣವಾಗಬಲ್ಲದು. ಹೀಗಾಗಿ ಕಾರು ಕಟ್ಟುವವನು ಸ್ಪ್ಯಾನರಿನಷ್ಟೇ ಜತನದಿಂದ ಕಾಗದಪತ್ರಗಳನ್ನೂ ಕಾಪಾಡಬೇಕಾಗಿತ್ತು. ವರ್ಷಗಳ ದುಡಿಮೆ ಒಂದು ಮುದ್ರೆಯ ಒತ್ತಿಗಾಗಿ ಕಾದು ನಿಂತಿರುತ್ತಿತ್ತು.

ದಂಪತಿಗಳ ಹೆಸರಿನ ಕಾರು

ಶ್ಚೆರ್ಬಿನಿನ್‌ರ ಸಾಹಸ ಅವರೊಂದಿಗೇ ಮುಗಿಯಲಿಲ್ಲ. ಅವರ ಗೆಳೆಯರ ಬಳಗದಲ್ಲಿ, ಹೆಸರಿನಲ್ಲೇ ಬೀಜಗಣಿತವನ್ನು ಹೊತ್ತ ಇನ್ನಿಬ್ಬರು ಸಹೋದರರಿದ್ದರು: ಸ್ತನಿಸ್ಲಾವ್ ಮತ್ತು ಯೂರಿ ಅಲ್ಗೆಬ್ರಾಯಿಸ್ತೊವ್. 1970ರ ಸುಮಾರಿಗೆ ಅವರೂ ಫೈಬರ್‌ಗ್ಲಾಸಿನ ಕೆಲಸಕ್ಕೆ ಕೈಹಾಕಿದರು. ಯೂರಿಯ ಕಾರು ರಸ್ತೆಗಿಳಿದದ್ದು 1982ರಲ್ಲಿ. ಹನ್ನೆರಡು ವರ್ಷ! ಪಾಂಡವರ ವನವಾಸದಷ್ಟು ಕಾಲ. ಆ ಅವಧಿಯಲ್ಲಿ ಹುಟ್ಟಿದ ಮಗು ಮಾಧ್ಯಮಿಕ ಶಾಲೆಗೆ ಹೋಗುವಷ್ಟಾಗಿರುತ್ತದೆ.

ಆ ಕಾರಿನ ಹೆಸರು ‘ಯೂನಾ’. ಯೂರಿಯಿಂದ ‘ಯೂ’, ಆತನ ಪತ್ನಿ ನತಾಲಿಯಾಳಿಂದ ‘ನಾ’. ವರ್ಷಗಟ್ಟಲೆ ರಾತ್ರಿಗಳೂ ರಜೆಗಳೂ ಸಂಬಳದ ಪಾಲೂ ಒಂದು ಯಂತ್ರದ ಪಾಲಾದಾಗ ಆ ತ್ಯಾಗ ಗಂಡನೊಬ್ಬನದೇ ಆಗಿರುವುದಿಲ್ಲ. ಲೋಕವು ಕಾರಿನ ನಿರ್ಮಾಪಕನೆಂದು ಒಬ್ಬನನ್ನು ಮಾತ್ರ ಕೊಂಡಾಡಿದರೂ ಆ ಒಬ್ಬನು ಹೆಸರಿಡುವಾಗ ಲೆಕ್ಕವನ್ನು ಸರಿಯಾಗಿ ಬರೆದನು.

ಯೂನಾ ಪ್ರದರ್ಶನದ ಗೊಂಬೆಯಾಗಿ ನಿಲ್ಲಲಿಲ್ಲ. ಮೊದಲು ವೋಲ್ಗಾದ ಮುಂದಿನ ಮಾದರಿಯ ಎಂಜಿನಿನಿಂದಲೂ, ಕಾಲಾಂತರದಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಎಂಜಿನಿನಿಂದಲೂ ಓಡಿತು. ಅದು ಕ್ರಮಿಸಿದ ದಾರಿ ಐದು ಲಕ್ಷ ಕಿಲೋಮೀಟರುಗಳಿಗೂ ಮಿಗಿಲೆಂದು ಹೇಳುತ್ತಾರೆ. ಭೂಮಿಯಿಂದ ಚಂದ್ರನಿಗಿರುವ ದೂರವನ್ನೂ ಮೀರಿದ ಪಯಣ ಅದು.

ಉತ್ತರದ ಊರಿನ ಬಾಲಕರು

ಈ ಹುಚ್ಚು ರಾಜಧಾನಿಗೆ ಮಾತ್ರ ಸೀಮಿತವಾಗಿರಲಿಲ್ಲ. ರಷ್ಯದ ಉತ್ತರಭಾಗದ ಕೋಮಿ ಪ್ರಾಂತದಲ್ಲಿ ಉಖ್ತಾ ಎಂಬ ಊರುಂಟು. ಅಲ್ಲಿಯ ಬಾಲಕರ ತಾಂತ್ರಿಕ ಕೂಟವನ್ನು ನಡೆಸುತ್ತಿದ್ದವನು ಅಲೆಕ್ಸಾಂಡರ್ ಕುಲಿಗಿನ್. ತನ್ನ ಶಿಷ್ಯರ ನೆರವಿನಿಂದ 1980ರಲ್ಲಿ ಅವನು ‘ಪಾಂಗೊಲಿನಾ’ ಎಂಬ ಕಾರನ್ನು ಪೂರೈಸಿದನು.

ಅದರೊಳಗೆ ಇದ್ದದ್ದು ಬೀದಿಬೀದಿಯಲ್ಲಿ ಕಾಣುವ ಜಿಗುಲಿಯ ಎಂಜಿನೇ. ಹೊರಗೆ ಮಾತ್ರ ಬೇರೊಂದು ಲೋಕ! ಬದಿಯಲ್ಲಿ ಬಾಗಿಲುಗಳೇ ಇಲ್ಲ; ಮಾಡೂ ಕಿಟಕಿಗಳೂ ಕೂಡಿದ ಮೇಲ್ಭಾಗವೇ ಪೆಟ್ಟಿಗೆಯ ಮುಚ್ಚಳದಂತೆ ಮೇಲಕ್ಕೇಳುತ್ತದೆ. ನಾಲ್ಕು ದೀಪಗಳು ಮೂತಿಯ ನಡುವೆ ಅಡಗಿದ್ದು, ಬೇಕಾದಾಗ ಒಟ್ಟಿಗೆ ತಲೆಯೆತ್ತುತ್ತವೆ. ಎಂಜಿನನ್ನು ಬಹಳ ಹಿಂದಕ್ಕೆ ತಂದು, ಚಾಲಕನ ಮುಂದಿನ ಫಲಕದ ಬಳಿಯಲ್ಲಿ ಹುದುಗಿಸಲಾಗಿತ್ತು. ಅದರಿಂದ ಮೂತಿಯನ್ನು ತಗ್ಗಿಸುವುದು ಸಾಧ್ಯವಾಯಿತು. ಭಾರವೂ ಮುಂದಿನ ಹಿಂದಿನ ಚಕ್ರಗಳಿಗೆ ಹದವಾಗಿ ಹಂಚಿಹೋಯಿತು. ಅಲಂಕಾರದ ಹಿಂದೆ ಯಂತ್ರಶಾಸ್ತ್ರದ ಲೆಕ್ಕವೂ ಇತ್ತೆಂಬುದಕ್ಕೆ ಇದೇ ಸಾಕ್ಷಿ. 1985ರಲ್ಲಿ ಬಲ್ಗೇರಿಯದ ಪ್ಲೊವ್‌ದಿವ್ ನಗರದಲ್ಲಿ ಯುವಸಂಶೋಧಕರ ಅಂತಾರಾಷ್ಟ್ರೀಯ ಪ್ರದರ್ಶನ ನಡೆದಾಗ ಪಾಂಗೊಲಿನಾ ಅಲ್ಲಿಗೂ ಹೋಯಿತು.

ಅದೇ ದಶಕದಲ್ಲಿ ಲೆನಿನ್‌ಗ್ರಾದಿನ ದ್ಮಿತ್ರಿ ಪರ್ಫ್ಯೋನೊವ್ ಮತ್ತು ಗೆನ್ನಾದಿ ಹಾಯಿನೊವ್ ‘ಲೌರಾ’ ಎಂಬ ಕಾರನ್ನು ಕಟ್ಟಿದರು. ಎಂಜಿನಿನ ಬಲವನ್ನು ಮುಂದಿನ ಚಕ್ರಗಳಿಗೆ ಹರಿಸುವ ವ್ಯವಸ್ಥೆ ಅಂದಿನ ಸೋವಿಯತ್ ಕಾರುಗಳಿಗೆ ಹೊಸದು. ಲೌರಾ ಓಡುತ್ತಿದ್ದುದು ಆ ಕ್ರಮದಲ್ಲಿ. ಅದರ ಕೀರ್ತಿ ದೇಶದ ನಾಯಕ ಮಿಖಾಯಿಲ್ ಗೊರ್ಬಚೇವರವರೆಗೂ ಮುಟ್ಟಿತು. ಹವ್ಯಾಸಿಗಳಾಗಿದ್ದ ಗೆಳೆಯರಿಗೆ ‘ನಾಮಿ’ ಎಂಬ ಸರಕಾರದ ಮೋಟಾರು ಸಂಶೋಧನಾ ಸಂಸ್ಥೆಗಾಗಿ ಹೊಸ ಕಾರೊಂದನ್ನು ರೂಪಿಸುವ ಕೆಲಸ ಒದಗಿತು. ಅವರ ‘ಕಾಂಪಾಕ್ಟ್’ ಎಂಬ ಮಾದರಿ 1989ರಲ್ಲಿ ಟೋಕಿಯೊ ಮೋಟಾರು ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಮನೆಯ ಕೆಲಸಗಾರರನ್ನು ಕಾರ್ಖಾನೆಯ ಲೋಕವೇ ಕರೆದು ಪೀಠ ಕೊಟ್ಟ ಪ್ರಸಂಗವಿದು.

ಸಾಲು ಕರಗಿದ ಮೇಲೆ

1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಗಡಿಗಳು ತೆರೆದವು; ಜರ್ಮನಿ, ಜಪಾನುಗಳಲ್ಲಿ ಬಳಸಿದ ಕಾರುಗಳು ತಂಡತಂಡವಾಗಿ ಬಂದವು. ಹಣವಿದ್ದವನು ಹನ್ನೆರಡು ವರ್ಷ ಗಾಜಿನ ಬಟ್ಟೆಯನ್ನು ಉಜ್ಜಬೇಕಾದ ಅಗತ್ಯವಿರಲಿಲ್ಲ. ಅಂಗಳಗಳ ಬೆಸುಗೆಯ ಕಿಡಿಗಳು ಕ್ರಮೇಣ ವಿರಳವಾದವು.

ಇದಕ್ಕಾಗಿ ದುಃಖಿಸಬೇಕೆ? ಅಭಾವವನ್ನು ಹೊಗಳುವುದು ವಿವೇಕವಲ್ಲ. ಒಂದು ಕಾರಿಗಾಗಿ ವರ್ಷಗಟ್ಟಲೆ ಕಾಯಿಸುವ ವ್ಯವಸ್ಥೆ ಆ ಕಾಯುವಿಕೆಯಲ್ಲಿ ಎಷ್ಟು ಜನರ ಉತ್ಸಾಹವನ್ನು ಬತ್ತಿಸಿತೋ ಬಲ್ಲವರಾರು? ಪಾಂಗೊಲಿನಾ ಒಂದು ಹುಟ್ಟಿದಲ್ಲಿ, ಬಾಗಿಲ ಹಿಡಿಕೆಯೊಂದು ಸಿಗದೆ ಮೂಲೆಗೆ ಬಿದ್ದ ಕನಸುಗಳು ಹಲವು ಇದ್ದಿರಬೇಕು. ಅವುಗಳ ಚಿತ್ರ ಯಾವ ಪತ್ರಿಕೆಯಲ್ಲೂ ಅಚ್ಚಾಗಲಿಲ್ಲ.

ಆದರೂ ಒಂದು ಮಾತು ನಿಜ. ಕೊಂಡ ಕಾರು ಕೆಟ್ಟಾಗ ಒಡೆಯನು ಅದನ್ನು ತಯಾರಿಸಿದವನನ್ನು ಬೈಯುತ್ತಾನೆ. ಆ ಸಹೋದರರಿಗೆ ಬೈಯುವುದಕ್ಕೆ ಬೇರೆ ಯಾರೂ ಇರಲಿಲ್ಲ. ಕಾರಿನ ಪ್ರತಿಯೊಂದು ಬೆಸುಗೆಯೂ ಪ್ರತಿಯೊಂದು ಬಾಗೂ ಅವರ ಕೈಯದೇ. ತಪ್ಪೂ ಅವರದೇ, ಸೊಗಸೂ ಅವರದೇ. ಏಳನೆಯ ಅಂತಸ್ತಿನಿಂದ ಅಂಗಳಕ್ಕೆ ಇಳಿದು ಬಂದ ಆ ಚಿಪ್ಪಿನೊಳಗೆ ಎಂಜಿನು ಮೊದಲ ಸಲ ಗುಡುಗಿದಾಗ ಅವರಿಗಾದ ಆನಂದವನ್ನು ಯಾವ ಅಂಗಡಿಯವನೂ ಬೆಲೆ ಕಟ್ಟಿ ಮಾರಲಾರನು.