ಬರ್ಚ್ ಮರಕ್ಕೂ ಸೇಬಿಗೂ ಏನು ನಂಟು?

ಜರ್ಮನಿಗೆ ಎಂ.ಎಸ್. ಓದಲು ಹೊರಡುವವರು ಸ್ವೆಟರ್, ಕುಕ್ಕರ್, ಸಾಂಬಾರ್ ಪುಡಿ ಎಲ್ಲವನ್ನೂ ಪಟ್ಟಿ ಮಾಡಿಕೊಳ್ಳುತ್ತಾರೆ. ಇಲ್ಲಿನ ಮರಗಳ ಬಗ್ಗೆ ಮಾತ್ರ ಯಾರೂ ಹೇಳುವುದಿಲ್ಲ.

ವಸಂತ ಬಂತೆಂದರೆ ಇಲ್ಲಿ ಬರ್ಚ್ ಮರಗಳು ಹೂ ಬಿಟ್ಟು ಗಾಳಿಗೆಲ್ಲ ಪರಾಗ ಹರಡುತ್ತವೆ. ಮೊದಲೆರಡು ವರ್ಷ ನನಗೇನೂ ಆಗಲಿಲ್ಲ. ಮೂರನೇ ವರ್ಷ ಸೀನು, ಕಣ್ಣು ತುರಿಕೆ ಶುರುವಾಯಿತು. ಜೊತೆಗೆ ಸೇಬು ಕಚ್ಚಿದ ಐದೇ ನಿಮಿಷಕ್ಕೆ ತುಟಿ, ಅಂಗುಳ, ಕಿವಿಯೊಳಗೂ ತುರಿಕೆ! ಹಣ್ಣಿಗೆ ಹೊಡೆದ ಔಷಧಿಯೇ ಕಾರಣ ಎಂದ ರೂಮ್‌ಮೇಟ್. ಆದರೆ ಎಷ್ಟು ತೊಳೆದರೂ ಅದೇ ಕಥೆ. ವಿಚಿತ್ರವೆಂದರೆ, ಸೇಬಿನ ಕೇಕ್ ತಿಂದರೆ ಏನೂ ಆಗುತ್ತಿರಲಿಲ್ಲ.

ಅಲರ್ಜಿ ತಜ್ಞರು ಪರೀಕ್ಷೆ ಮಾಡಿ ಒಗಟು ಬಿಡಿಸಿದರು. ಬರ್ಚ್ ಪರಾಗದಲ್ಲಿ 'ಬೆಟ್ ವಿ 1' ಎಂಬ ಪ್ರೊಟೀನ್ ಇದೆ. ಅದರ ಜೀನನ್ನು 1989ರಲ್ಲಿ ಗುರುತಿಸಿದಾಗ, ಬಟಾಣಿ ಗಿಡ ರೋಗದ ವಿರುದ್ಧ ಬಳಸುವ ಜೀನಿಗೂ ಅದಕ್ಕೂ ಬಹಳ ಹೋಲಿಕೆ ಕಂಡುಬಂತು. ಅಂದರೆ ಇದು ಗಿಡಮರಗಳ ಆತ್ಮರಕ್ಷಣೆಯ ಪ್ರೊಟೀನ್‌ಗಳ ಬಳಗ. ಸೇಬು, ಚೆರ್ರಿ, ಪೀಚ್, ಕ್ಯಾರೆಟ್, ಸೆಲರಿ, ಹೇಝಲ್‌ನಟ್, ಸೋಯಾ ಎಲ್ಲದರಲ್ಲೂ ಇದರ ಸಂಬಂಧಿಗಳಿವೆ. ಪರಾಗವನ್ನು ಶತ್ರುವೆಂದು ತಿಳಿದ ದೇಹ, ಅದೇ ಮುಖಚಹರೆಯ ಸೇಬಿನ ಪ್ರೊಟೀನಿನ ಮೇಲೂ ಎಗರುತ್ತದೆ. ಬೇಯಿಸಿದರೆ ಸೇಬಿನ ಈ ಪ್ರೊಟೀನಿನ ಆಕಾರ ಕೆಡುತ್ತದೆ. ಕೇಕ್ ಒಗ್ಗಿದ್ದು ಇದಕ್ಕೇ!

ಹಾಗೆಂದು ಎಲ್ಲವನ್ನೂ ಬೇಯಿಸಿ ತಿಂದರಾಯಿತು ಎನ್ನುವಂತಿಲ್ಲ. ಸೆಲರಿ, ಹೇಝಲ್‌ನಟ್ ಬಿಸಿ ತಾಗಿದರೂ ಕೆಲವರಿಗೆ ತೊಂದರೆ ಕೊಡುತ್ತವೆ. ಬರ್ಚ್ ಅಲರ್ಜಿ ಇದ್ದವರಲ್ಲಿ ಸೋಯಾ ಹಾಲು, ಸೋಯಾ ಪ್ರೊಟೀನ್ ಪುಡಿಯಿಂದ ತೀವ್ರ ಪ್ರತಿಕ್ರಿಯೆ ಆಗಿರುವುದೂ ಉಂಟು. ಜಿಮ್‌ಗೆ ಹೋಗುವವರು ಗಮನಿಸಿ. ಗಂಟಲು ಬಿಗಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ ಕಾಯದೆ 112ಕ್ಕೆ ಕರೆ ಮಾಡಿ.

ಯುರೋಪಿನಲ್ಲಿ ಪ್ಯಾಕೆಟ್ ಆಹಾರದ ಮೇಲೆ 14 ಬಗೆಯ ಅಲರ್ಜಿಕಾರಕಗಳನ್ನು ನಮೂದಿಸುವುದು ಕಡ್ಡಾಯ. ಸೆಲರಿ, ಸೋಯಾ, ಹೇಝಲ್‌ನಟ್ ಅದರಲ್ಲಿವೆ, ಸೇಬು ಇಲ್ಲ. ಹಾಗಾಗಿ ಪದಾರ್ಥಗಳ ಪಟ್ಟಿಯನ್ನು ಪೂರ್ತಿ ಓದಲೇಬೇಕು.

ಹೋಟೆಲ್ ಅಡುಗೆಮನೆಯಲ್ಲಿ ನನಗೆ ಪಾರ್ಟ್‌ಟೈಮ್ ಕೆಲಸ. ಹಸಿ ಕ್ಯಾರೆಟ್ ಸುಲಿದರೆ ಕೈಯೆಲ್ಲ ತುರಿಕೆ. ಬಾಡಿಗೆ ಕಟ್ಟುವ ಆ ಕೆಲಸ ಬಿಡುವಂತಿರಲಿಲ್ಲ. ಕಾರಣ ತಿಳಿದ ಮೇಲೆ ಮೇಲ್ವಿಚಾರಕರಿಗೆ ವಿವರಿಸಿದೆ. ಗ್ಲೌಸ್ ಕೊಟ್ಟರು, ಕೆಲಸ ಉಳಿಯಿತು.

ಇಲ್ಲಿಗೆ ಬರುವವರು 'ಕ್ರೊಯ್ಟ್ಸ್‌ಅಲೆರ್ಗೀ' ಎಂಬ ಜರ್ಮನ್ ಪದ ಕಲಿತಿರಿ. ವೈದ್ಯರ ಮುಂದೆ ಅರ್ಧ ಮಾತು ಉಳಿಯುತ್ತದೆ.