ಹಡಗಿನ ಆಯುಷ್ಯ ಮನುಷ್ಯನಿಗೆ ಬಂದದ್ದು

“ಅಣ್ಣಾ, ಅಂವಗ ನಾಕ ಏಟ ಬಿದ್ದಾವ. ಆದ್ರೂ ಅಷ್ಟ ಜೋರಲೇ ಹೊಡಿಯಾಕತ್ತಾನಲ್ಲ, ಹೆಂಗ?”

ಕರೆಂಟು ಹೋಗಿ ಪವರ್‌ಲೂಮ್ ನಿಂತಾಗ ರಬಕವಿಯ ಓಣಿಯಲ್ಲಿ ಮೊಬೈಲು ಹಿಡಿದು ಕೂತ ಹುಡುಗರು ಕೇಳಬಹುದಾದ ಪ್ರಶ್ನೆ ಇದು. ಬಿಜಿಎಂಐಯಂಥ ಗುಂಡು ಹಾರಿಸುವ ಆಟ ಆಡಿ ಬೆರಳು ಪಳಗಿಸಿಕೊಂಡವರು, ಮಂತ್ರವಾದಿ, ಬಿಲ್ಲುಗಾರ, ರಾಕ್ಷಸರ ಪಡೆ ಕಟ್ಟಿ ಸರದಿಯ ಪ್ರಕಾರ ಕಾದುವ ಆಟಕ್ಕೆ ಬಂದರೆ ಮೊದಲು ಎಡವುವುದೇ ಇಲ್ಲಿ. ಪಾತ್ರದ ತಲೆಯ ಮೇಲೆ ಆಯುಷ್ಯ ತೋರಿಸುವ ಹಸಿರು ಪಟ್ಟಿ ಅರ್ಧಕ್ಕಿಳಿದಿದೆ, ಹೊಡೆತ ಮಾತ್ರ ಇಳಿದಿಲ್ಲ.

ಗುಡಿಯ ಕಟ್ಟೆಯ ಮೇಲೆ ಗೆರೆ ಎಳೆದು ಆಡುವ ಹುಲಿ–ಕುರಿಯಲ್ಲಿ ಈ ತಕರಾರೇ ಇಲ್ಲ. ಹುಲಿ ಹಾರಿತು, ಕುರಿ ಹೋಯಿತು. ಚದುರಂಗದ ಕಾಲಾಳಿಗೂ ಅದೇ ಗತಿ. ಹಾಗಾದರೆ ಒಬ್ಬನೇ ಮನುಷ್ಯನಿಗೆ ಇಷ್ಟು ಏಟು ತಾಳುವ ಆಯುಷ್ಯ ಕೊಟ್ಟವರು ಯಾರು?

ಪಡೆಗೆ ಅಂಥ ಲೆಕ್ಕ ಹಳೆಯದು. 1824ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ ಹೊರತಂದ ಯುದ್ಧದಾಟದಲ್ಲಿ ತುಕಡಿಗಳು ಒಮ್ಮೆಲೇ ಸಾಯದೆ ಸ್ವಲ್ಪಸ್ವಲ್ಪವಾಗಿ ಸವೆಯುತ್ತಿದ್ದವು. ನೂರಾರು ಜನರ ತುಕಡಿ ಸವೆಯುವುದರಲ್ಲಿ ಅಚ್ಚರಿಯೇನಿಲ್ಲ. ಒಬ್ಬನ ಮಾತು ಬೇರೆ.

1971ರಲ್ಲಿ ಅಮೆರಿಕದ ಲೇಕ್ ಜಿನೀವಾ ಊರಿನ ಗ್ಯಾರಿ ಗೈಗ್ಯಾಕ್ಸ್, ಜೆಫ್ ಪೆರೆನ್ ಜೊತೆ ಸೇರಿ ‘ಚೈನ್‌ಮೇಲ್’ ಎಂಬ ಮೇಜಿನ ಯುದ್ಧದಾಟದ ನಿಯಮ ಬರೆದ. ವಿಮೆ ಕಂಪನಿಯ ಕೆಲಸ ಕಳೆದುಕೊಂಡಿದ್ದ ಗೈಗ್ಯಾಕ್ಸ್ ಆ ಕಾಲದಲ್ಲಿ ಬೂಟು ರಿಪೇರಿ ಮಾಡಿ ಸಂಸಾರ ತೂಗಿಸುತ್ತಿದ್ದ. ಪುಸ್ತಕದ ಕೊನೆಗೆ ಡ್ರ್ಯಾಗನ್, ಮಾಂತ್ರಿಕರ ಒಂದು ಭಾಗ ಸೇರಿಸಿದ್ದ. ಅಲ್ಲಿ ಇಬ್ಬರು ಎದುರಾದರೆ ಎರಡು ದಾಳ ಎಸೆದು ಕೋಷ್ಟಕ ನೋಡುವುದು: ಸತ್ತರೆ ಸತ್ತ, ಉಳಿದರೆ ಉಳಿದ.

ಆ ನಿಯಮ ಹಿಡಿದು ಮಿನೆಸೋಟದ ಡೇವ್ ಆರ್ನೆಸನ್ ಗೆಳೆಯರಿಗೆ ‘ಬ್ಲ್ಯಾಕ್‌ಮೂರ್’ ಎಂಬ ಕಲ್ಪನೆಯ ಸೀಮೆಯಲ್ಲಿ ಆಟ ನಡೆಸತೊಡಗಿದ. ಒಬ್ಬ ಆಟಗಾರನಿಗೆ ಒಂದೇ ಪಾತ್ರ. ಹೆಸರಿಟ್ಟು ಸಾಕಿದ ಪಾತ್ರ ಒಂದೇ ದಾಳಕ್ಕೆ ಹೋದರೆ ಯಾರು ಸುಮ್ಮನಿರುತ್ತಾರೆ? ತಾವು ಒಂದೇಟಿಗೆ ರಾಕ್ಷಸನನ್ನು ಕೊಂದರೆ ಗೆಳೆಯರಿಗೆ ಖುಷಿ. ರಾಕ್ಷಸ ಒಂದೇಟಿಗೆ ತಮ್ಮನ್ನು ಕೊಂದರೆ ಜಗಳ. ಆರ್ನೆಸನ್ ಮುಂದೆ ಸಂದರ್ಶನದಲ್ಲಿ ಹೇಳಿಕೊಂಡಂತೆ, ಉಪಾಯ ಅವನದೇ ಹಳೆಯ ಆಟದಲ್ಲಿತ್ತು: ಅಮೆರಿಕದ ಅಂತರ್ಯುದ್ಧದ ಕಬ್ಬಿಣದ ಕವಚದ ಹಡಗುಗಳ ಆಟ. 1862ರ ಮಾರ್ಚ್‌ನಲ್ಲಿ ‘ಮಾನಿಟರ್’, ‘ವರ್ಜೀನಿಯ’ ಎಂಬ ಅಂಥ ಎರಡು ಹಡಗುಗಳು ತಾಸುಗಟ್ಟಲೆ ಗುಂಡು ಹೊಡೆದುಕೊಂಡರೂ ಎರಡೂ ಮುಳುಗಲಿಲ್ಲ. ಇಂಥವುಗಳ ಆಟಕ್ಕೆ ಎರಡು ಸಂಖ್ಯೆ ಬೇಕು: ಕವಚ ಎಷ್ಟು ಗಟ್ಟಿ, ಎಷ್ಟು ಏಟಿಗೆ ಹಡಗು ಮುಗಿಯುತ್ತದೆ. ಆರ್ನೆಸನ್ ಇವೆರಡನ್ನೂ ಎತ್ತಿ ಮನುಷ್ಯನ ಮೇಲೆ ಹಾಕಿದ. 1974ರ ಜನವರಿಯಲ್ಲಿ ಅವನೂ ಗೈಗ್ಯಾಕ್ಸನೂ ಸೇರಿ ತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಮೊದಲಿಗೆ ಅಚ್ಚಾದದ್ದು ಸಾವಿರ ಪ್ರತಿ. ಈಗ ಮೊಬೈಲಿನಲ್ಲಿ ಕಾಣುವ ಎಚ್‌ಪಿ (ಹಿಟ್ ಪಾಯಿಂಟ್, ತಾಳಬಲ್ಲ ಏಟಿನ ಲೆಕ್ಕ) ಅಲ್ಲಿಂದ ಇಳಿದು ಬಂದದ್ದು.

ನಿಜವಾದ ಹಡಗು ಪೆಟ್ಟು ತಿಂದರೆ ತೋಪು ಕಳೆದುಕೊಳ್ಳುತ್ತದೆ, ವೇಗ ಕಳೆದುಕೊಳ್ಳುತ್ತದೆ. ಮನುಷ್ಯನಿಗೆ ಬಂದ ಈ ಸಂಖ್ಯೆಗೆ ಆ ಗೋಜಿಲ್ಲ. ಸೊನ್ನೆ ಮುಟ್ಟುವವರೆಗೆ ಅವನು ಪೂರ್ತಿ ಗಟ್ಟಿ, ಮುಟ್ಟಿದ ಕ್ಷಣ ಹೆಣ. ವೈದ್ಯರು ನಕ್ಕಾರು. ಆದರೆ ಆಟದ ತಂತ್ರವೆಲ್ಲ ಹುಟ್ಟಿದ್ದು ಈ ಸುಳ್ಳಿನಿಂದಲೇ.

ಲೆಕ್ಕ ನೋಡಿ. ಎದುರಿಗೆ ನಾಲ್ವರು, ಒಬ್ಬೊಬ್ಬರಿಗೆ ಎಚ್‌ಪಿ 10. ನಮ್ಮವರೂ ನಾಲ್ವರು, ಒಂದೇಟಿಗೆ 5 ಇಳಿಯುತ್ತದೆ. ಹೊಸಬ ತಲೆಗೊಬ್ಬನಂತೆ ಹಂಚಿ ಹೊಡೆಸುತ್ತಾನೆ. ನಾಲ್ವರಿಗೂ ಗಾಯ, ಆದರೆ ಅವರ ಸರದಿಯಲ್ಲಿ ನಾಲ್ಕೂ ಏಟು ತಿರುಗಿ ಬರುತ್ತವೆ. ಇಬ್ಬಿಬ್ಬರು ಸೇರಿ ಒಬ್ಬನನ್ನು ಹಿಡಿದರೆ ಇಬ್ಬರು ಅಲ್ಲೇ ಮುಗಿದರು. ಬರುವುದು ಎರಡೇ ಏಟು. ನಮ್ಮ ಕಡೆಗೂ ಇದೇ ನಿಯಮ ಅಂತ ಮರೆಯಬಾರದು. ಎಚ್‌ಪಿ 3 ಉಳಿದ ಬಿಲ್ಲುಗಾರ ನಿಷ್ಪ್ರಯೋಜಕನಲ್ಲ; ಅವನನ್ನು ಹಿಂದಕ್ಕೆ ಸರಿಸಿ, ಏಟು ತಾಳುವವನನ್ನು ಮುಂದೆ ನಿಲ್ಲಿಸಿ, ಬಾಣ ಬಿಡಿಸುತ್ತಲೇ ಇರಬೇಕು.

ಅಭ್ಯಾಸಕ್ಕೆ ‘ಬ್ಯಾಟಲ್ ಫಾರ್ ವೆಸ್ನಾತ್’ ಒಳ್ಳೆಯದು. 2003ರಿಂದ ಇರುವ ಪುಕ್ಕಟೆ ಆಟ, ಹಳೆಯ ಕಂಪ್ಯೂಟರಿಗೂ ಸಾಕು. ಗಾಯಗೊಂಡವನನ್ನು ಹಳ್ಳಿಯ ಮನೆಯ ಮೇಲೆ ನಿಲ್ಲಿಸಿದರೆ ಸರದಿಗೆ 8 ಎಚ್‌ಪಿ ತುಂಬುತ್ತದೆ. ಅಲ್ಲಿ ಹಗಲು–ರಾತ್ರಿಯೂ ಉಂಟು: ಕತ್ತಲಾದರೆ ರಾಕ್ಷಸ ಜಾತಿಯ ಓರ್ಕ್‌ಗಳ ಹೊಡೆತ ನೂರಕ್ಕೆ 25ರಷ್ಟು ಏರುತ್ತದೆ, ನಮ್ಮ ಈಟಿಯವರದು ಅಷ್ಟೇ ಇಳಿಯುತ್ತದೆ. ಆಗ ನುಗ್ಗುವುದು ಬಿಟ್ಟು, ಕೋಟೆಯಲ್ಲೋ ಗುಡ್ಡದಲ್ಲೋ ಸಾಲು ಬಿಡದೆ ನಿಂತು ಬೆಳಗು ಕಾಯಬೇಕು.

ಎಲ್ಲಕ್ಕಿಂತ ಹೆಚ್ಚು ಜನ ಕಡೆಗಣಿಸುವುದು ಕೊನೆಯ ಏಟನ್ನು. ವೆಸ್ನಾತ್‌ನಲ್ಲಿ ಒಂದನೆಯ ಹಂತದ ಶತ್ರುವಿನೊಡನೆ ಬರೀ ಕಾದಿದರೆ ಸಿಗುವ ಅನುಭವದ ಅಂಕ 1, ಕೊಂದರೆ 8. ನುರಿತ ಕತ್ತಿಯವನು ಶತ್ರುವನ್ನು ಎಚ್‌ಪಿ 2–3ಕ್ಕೆ ಇಳಿಸಿ ನಿಲ್ಲಲಿ. ಮುಗಿಸುವುದು ಪಡೆಯ ಎಳೆಯ ಹುಡುಗನ ಪಾಲು. ಇಂಥ ಕೆಲವು ಏಟು ದಕ್ಕಿದರೆ ಅವನು ಮೇಲಿನ ಹಂತಕ್ಕೇರುತ್ತಾನೆ, ಏರಿದ ಕೂಡಲೇ ಅವನ ಎಚ್‌ಪಿ ಪೂರ್ತಿ ತುಂಬಿಕೊಳ್ಳುತ್ತದೆ.